ಕ್ರೋಶಾ ಕೆಲಸದ ಕುಮಾರಿ ರಿಯೆಗೊ

ನಮ್ಮ ಪಾಠಶಾಲೆಯ ಕೈಗೆಲಸದ ಪ್ರದರ್ಶನವನ್ನು ನೋಡಬಂದ ತಾಯಿತಂದೆಗಳು ಬಹುಹೊತ್ತು ನಿಲ್ಲುವುದು ಕ್ರೋಶಾ ಕೆಲಸವನ್ನಿಟ್ಟ ಮೇಜಿನ ಬಳಿಯಲ್ಲಿಯೇ ಎಂಬುದನ್ನು ನಾವು ಅನೇಕ ವರ್ಷಗಳಿಂದ ಕಂಡಿದ್ದೇವೆ. ಅಲ್ಲಿ ಹೊಸದಾಗಿ ಕಡ್ಡಿ ಹಿಡಿದ ಬಾಲಿಕೆಯರು ನೂಲಿನಿಂದ ಹೆಣೆದ ಪುಟ್ಟ ಚಿಟ್ಟೆಗಳು ಸಾಲಾಗಿ ಕುಳಿತಿರುತ್ತವೆ. ಒಂದು ವರ್ಷ ಹಾರನಹಳ್ಳಿಯಿಂದ ಮೊಮ್ಮಗಳನ್ನು ನೋಡಲು ಬಂದಿದ್ದ ವೃದ್ಧೆಯೊಬ್ಬರು ಅಂತಹ ಒಂದು ಚಿಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು, ಇದನ್ನು ಮಾಡಿದವರು ಯಾರೆಂದು ಕೇಳಿದರು. ನಾವು ಅವರ ಮೊಮ್ಮಗಳ ಹೆಸರನ್ನೇ ಹೇಳಿದೆವು. ಅದು ತಮಗೆ ತಿಳಿದಿದೆಯೆಂದೂ, ಇಂತಹ ವಿದ್ಯೆಯನ್ನು ಮೊದಲು ಹೊರಡಿಸಿದವರ ಹೆಸರೇನೆಂದು ತಾವು ಕೇಳಿದುದೆಂದೂ ಅವರು ನಸುನಕ್ಕು ಹೇಳಿದರು. ನಮಗೆ ಉತ್ತರ ತೋಚಲಿಲ್ಲ. ನಮ್ಮ ಮೇಜಿನ ಮೇಲಿದ್ದ ವಸ್ತುಗಳಿಗಾದರೋ ಹೆಸರಿನ ಚೀಟಿಯೂ ಇರಲಿಲ್ಲ, ಬರಿಯ ಅಂಕೆಯ ಚೀಟಿಯಿದ್ದಿತು.

ಆ ವೃದ್ಧೆಯ ಪ್ರಶ್ನೆ ಅವರ ಊರಿಗೆ ತಕ್ಕುದೇ ಆಗಿದ್ದಿತು. ಅರಸೀಕೆರೆಯ ಸಮೀಪದ ಹಾರನಹಳ್ಳಿಯಲ್ಲಿ 13ನೆಯ ಶತಮಾನದ ಹೊಯ್ಸಳ ದೇವಾಲಯಗಳೆರಡು, ಕೇಶವನದೊಂದು, ಸೋಮೇಶ್ವರನದೊಂದು, ನಿಂತಿವೆ. ಅಲ್ಲಿಯ ವಿಗ್ರಹಗಳ ತಲೆಯ ಮೇಲಣ ಎಲೆಬಳ್ಳಿಗಳನ್ನು ನೋಡಿದವರಿಗೆ ಕಲ್ಲನ್ನು ನೂಲಿನಂತೆ ಹೆಣೆದಿರುವರೋ ಎಂಬ ಭ್ರಮೆಯುಂಟಾಗುವುದು. ಬೇಲೂರಿನ ಮದನಿಕೆಯೊಬ್ಬಳ ಮೇಲಣ ಬಳ್ಳಿಯ ಚಪ್ಪರದಲ್ಲಿ ಹಣ್ಣಿನ ಮೇಲೆ ಕುಳಿತ ನೊಣವನ್ನೂ ಅದನ್ನು ಹಿಡಿಯಲು ಹೊಂಚುವ ಹಲ್ಲಿಯನ್ನೂ ಶಿಲ್ಪಿಯು ಕೊರೆದಿಟ್ಟಿರುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಪ್ರವಾಸದಲ್ಲಿ ನೋಡಿದ್ದಾರೆ. ಆ ಕಾಲದ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರನ್ನು ಬರೆದುಕೊಳ್ಳುತ್ತಿದ್ದರು. ಬಳ್ಳಿಗಾವೆಯ ದಾಸೋಜನನ್ನೂ ಅವನ ಮಗ ಚಾವಣನನ್ನೂ ಬೇಲೂರಿನಲ್ಲಿಯೂ, ಮಲ್ಲಿತಮ್ಮನನ್ನು ನುಗ್ಗೇಹಳ್ಳಿ, ಸೋಮನಾಥಪುರಗಳಲ್ಲಿಯೂ ನಾವು ಹೆಸರಿನಿಂದಲೇ ಬಲ್ಲೆವು. ನೂಲಿನ ಕೆಲಸದವರಿಗೆ ಈ ಭಾಗ್ಯವು ವಿರಳ. ಆದರೂ ತನ್ನ ಹೆಸರನ್ನು ಹಟದಿಂದ ಬರೆದಿಟ್ಟುಹೋದ ಒಬ್ಬ ಮಹಿಳೆಯುಂಟು. ವೃದ್ಧೆಗೆ ಅಂದು ಕೊಡಲಾರದ ಉತ್ತರಕ್ಕೆ ಬದಲಾಗಿ ಆಕೆಯ ಜೀವಿತವನ್ನು ಇಲ್ಲಿ ಬರೆಯುತ್ತಿದ್ದೇವೆ.

ಎಲಿನೋರ್ ರಿಯೆಗೊ ದ ಲಾ ಬ್ರಾಂಶಾರ್ಡಿಯೇರ್ ಎಂಬ ಉದ್ದನೆಯ ಹೆಸರಿನ ಈಕೆಯು 1828ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದಳು. ತಂದೆಯು ಫ್ರೆಂಚ್ ಮತ್ತು ಸ್ಪ್ಯಾನಿಷ್ ಮೂಲದ ಕುಲೀನ ವಂಶದವನೆಂದೂ, ತಾಯಿಯು ಐರ್ಲೆಂಡಿನವಳೆಂದೂ ಹೇಳುತ್ತಾರೆ. ತನ್ನ ಪುಸ್ತಕಗಳ ಮೇಲೆ ಆಕೆಯು ಮಾದಮೊಯ್ಸೆಲ್ ರಿಯೆಗೊ ಎಂದು, ಅಂದರೆ ಫ್ರೆಂಚ್ ರೀತಿಯಲ್ಲಿ ಕುಮಾರಿ ರಿಯೆಗೊ ಎಂದು, ಅಚ್ಚುಹಾಕಿಸುತ್ತಿದ್ದಳು. ನಾವೂ ಹಾಗೆಯೇ ಕರೆಯುವೆವು.

ಕ್ರೋಶಾ ಎಂಬ ಮಾತಿಗೆ ಫ್ರೆಂಚ್ ಭಾಷೆಯಲ್ಲಿ ಚಿಕ್ಕ ಕೊಕ್ಕೆಯೆಂದೇ ಅರ್ಥ. ಈ ಕೆಲಸದ ಹುಟ್ಟನ್ನು ಶೋಧಿಸಿದ ಕೆಲವರು, ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಕೊಕ್ಕೆಸೂಜಿಯಿಂದ ಸರಪಳಿ ತೆಗೆಯುವ ಕಸೂತಿಯು 18ನೆಯ ಶತಮಾನದಲ್ಲಿ ಪೂರ್ವದೇಶಗಳಿಂದ ಯೂರೋಪಿಗೆ ಹೋಯಿತೆಂದೂ, ಮುಂದೆ ಯಾರೋ ಬಟ್ಟೆಯನ್ನೇ ಬಿಟ್ಟು ಬರಿಯ ಸರಪಳಿಯನ್ನು ಗಾಳಿಯಲ್ಲಿ ಹೆಣೆದರೆಂದೂ ಊಹಿಸುತ್ತಾರೆ. ನಮ್ಮ ದೇಶದ ಆರಿ ಕೆಲಸವನ್ನು ಬಲ್ಲವರಿಗೆ ಈ ಊಹೆಯು ಅಸಂಗತವೆಂದು ತೋರದು. 1820ರ ದಶಕದಲ್ಲಿ ಹಾಲೆಂಡಿನ ಪತ್ರಿಕೆಯೊಂದರಲ್ಲಿ ಕ್ರೋಶಾ ಚೀಲಗಳ ಮಾದರಿಗಳು ಅಚ್ಚಾದವು. ಇಂಗ್ಲೆಂಡಿನಲ್ಲಿ ಕುಮಾರಿ ಲ್ಯಾಂಬರ್ಟ್ ಎಂಬಾಕೆಯ ಕ್ರೋಶಾ ಪುಸ್ತಕವು 1843ರಲ್ಲಿಯೇ ಹೊರಬಂದಿದ್ದಿತು. ಆದುದರಿಂದ ಕ್ರೋಶಾ ಕೆಲಸವನ್ನೇ ಕುಮಾರಿ ರಿಯೆಗೊ ಕಂಡುಹಿಡಿದಳೆಂದು ಯಾರಾದರೂ ಹೇಳಿದರೆ ನಮ್ಮ ವಾಚಕರು ನಂಬತಕ್ಕುದಲ್ಲ.

ಆಕೆಯು ಮಾಡಿದುದು ಬೇರೊಂದು. ಹೆಣಿಗೆ, ಕ್ರೋಶಾ, ಬಲೆಗೆಲಸ ಇವುಗಳನ್ನು ಕುರಿತ ಆಕೆಯ ಪುಸ್ತಕವು 1846ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದಾಗ ಆಕೆಗೆ ವಯಸ್ಸು ಹದಿನೆಂಟು. ನಮ್ಮ ಶಾಲೆಯನ್ನು ಬಿಟ್ಟು ಹೊರಡುವ ಹುಡುಗಿಯರಿಗಿಂತ ಎರಡು ಮೂರು ವರ್ಷ ಹಿರಿಯಳು, ಅಷ್ಟೆ. ಅಲ್ಲಿಂದ ಮುಂದೆ ನಾಲ್ಕು ದಶಕಗಳ ಕಾಲ ಆಕೆಯ ಲೇಖನಿಯಾಗಲಿ ಕಡ್ಡಿಯಾಗಲಿ ಸುಮ್ಮನಿರಲಿಲ್ಲ. ಎಪ್ಪತ್ತಕ್ಕೂ ಮೇಲ್ಪಟ್ಟು ಪುಸ್ತಕಗಳನ್ನು ಬರೆದಳು. ಅವು ಹೊಲಿಗೆಯ ಬುಟ್ಟಿಯಲ್ಲಿ ನೂಲಿನುಂಡೆಯ ಪಕ್ಕದಲ್ಲಿ ಇಟ್ಟುಕೊಳ್ಳಬಹುದಾದ ಸಣ್ಣ ಪುಸ್ತಕಗಳು. ಟ್ಯಾಟಿಂಗ್ ಕೆಲಸವನ್ನು ಕುರಿತು 1850ರಲ್ಲಿ ಒಂದು ಪುಸ್ತಕವನ್ನು ಹೊರಡಿಸಿದಳು; 1852ರಲ್ಲಿ ಸೂಜಿಯ ಹೆಸರನ್ನೇ ಇಟ್ಟು ಒಂದು ಪತ್ರಿಕೆಯನ್ನಾರಂಭಿಸಿದಳು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಚಳಿಯಿಂದ ಸಂಕಟಪಡುತ್ತಿದ್ದ 1854ರಲ್ಲಿ, ಅವರಿಗೆ ಬೇಕಾದ ಉಣ್ಣೆಯ ಉಡುಪುಗಳನ್ನು ಮನೆಯ ಹೆಂಗಸರು ಹೆಣೆದು ಕಳುಹಿಸಲೆಂದು ಅದಕ್ಕೇ ಒಂದು ಪುಸ್ತಕವನ್ನು ಬರೆದಳು. 1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಆಕೆಯ ಕೆಲಸಕ್ಕೆ ಪದಕವು ದೊರೆಯಿತು. ಮುಂದೆ ವೇಲ್ಸ್ ರಾಜಕುಮಾರಿಯ ಸೂಚೀಕಲಾವಿದೆಯೆಂಬ ಬಿರುದೂ ಬಂದಿತು.

ಈ ಪುಸ್ತಕಗಳ ಮಹತ್ವವನ್ನು ಇಂದಿನ ಹುಡುಗಿಯರು ಊಹಿಸುವುದು ಕಷ್ಟ. ಅದುವರೆಗೆ ಕೈಗೆಲಸವು ತಾಯಿಯ ಕೈಯಿಂದ ಮಗಳ ಕೈಗೆ ನೋಡುವುದರಿಂದಲೇ ದಾಟುತ್ತಿದ್ದಿತು. ನೆರೆಮನೆಯಾಕೆಗೆ ಮನಸ್ಸಿಲ್ಲದಿದ್ದರೆ ವಿದ್ಯೆಯು ಹೊಸಲು ದಾಟುತ್ತಿರಲಿಲ್ಲ. ಇಷ್ಟು ಸರಪಳಿ, ಇಷ್ಟು ಕಂಬ, ಇಲ್ಲಿ ತಿರುಗಿಸು, ಅಲ್ಲಿ ಸೇರಿಸು ಎಂದು ಎಣಿಕೆಯನ್ನು ಕಾಗದದ ಮೇಲೆ ಇಳಿಸಿದೊಡನೆ, ಓದಬಲ್ಲ ಹುಡುಗಿಗೆ ಗುರುವಿಲ್ಲದೆಯೂ ಅದು ಕೈಗೂಡಿತು. ಓದು ಬರಹವು ಹೆಣ್ಣುಮಕ್ಕಳಿಗೆ ಏತಕ್ಕೆಂದು ಕೇಳುವವರಿಗೆ ಇದೂ ಒಂದು ಉತ್ತರವೆಂದು ನಾವು ಹೊಲಿಗೆಯ ತರಗತಿಯಲ್ಲಿ ಹೇಳುವುದುಂಟು.

ಇನ್ನು ಐರ್ಲೆಂಡಿನ ವಿಷಯಕ್ಕೆ ಬರೋಣ. 1845ರಲ್ಲಿ ಆ ದೇಶದ ಆಲೂಗಡ್ಡೆಯ ಬೆಳೆಗೆ ರೋಗವು ತಗಲಿತು. ಬಡವರಿಗೆ ಅದೇ ಅನ್ನವಾಗಿದ್ದುದರಿಂದ ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರು ಮಡಿದರು. ಅಷ್ಟೇ ಜನರು ದೇಶವನ್ನು ಬಿಟ್ಟು ಹಡಗನ್ನೇರಿದರು. 1876ರಿಂದ 1878ರವರೆಗೆ ನಮ್ಮ ಮೈಸೂರು ಸೀಮೆಯನ್ನು ಹಾಳುಮಾಡಿದ ಬರಗಾಲದ ಕಥೆಯನ್ನು ಅಜ್ಜಿಯರಿಂದ ಕೇಳಿದ ಮನೆಗಳವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಸಂಕಟದಲ್ಲಿ ಐರ್ಲೆಂಡಿನ ಹೆಂಗಸರನ್ನು ಬದುಕಿಸಿದ ವಸ್ತುಗಳಲ್ಲಿ ಕ್ರೋಶಾ ಕಡ್ಡಿಯೂ ಒಂದು. ಬೇಕಾದುದು ಒಂದು ಕಡ್ಡಿ, ಒಂದು ಉಂಡೆ ನೂಲು. ಮಗ್ಗ ಬೇಡ, ಕೊಠಡಿ ಬೇಡ, ಒಲೆಯ ಬೆಳಕೇ ಸಾಕು. ಕಾರ್ಕ್ ಪಟ್ಟಣದ ಸಮೀಪದಲ್ಲಿ ಉರ್ಸುಲೈನ್ ಸಂನ್ಯಾಸಿನಿಯರು ಬಡಹುಡುಗಿಯರಿಗೆ ಇದನ್ನು ಕಲಿಸಿದರು. ಕ್ಲೋನಿಸ್ ಎಂಬ ಊರಿನಲ್ಲಿ ಸಭಾಪಾಲಕರ ಪತ್ನಿಯಾದ ಕ್ಯಾಸಾಂಡ್ರಾ ಹ್ಯಾಂಡ್ ಎಂಬಾಕೆಯು 1847ರಲ್ಲಿ ಬೇರೆ ಊರಿನಿಂದ ಉಪಾಧ್ಯಾಯಿನಿಯನ್ನು ಕರೆಸಿ ಈ ಕೆಲಸವನ್ನಾರಂಭಿಸಿದಳು; ಕ್ಲೋನಿಸ್ ಲೇಸು ಎಂಬ ಹೆಸರು ಇಂದಿಗೂ ಉಳಿದಿದೆ. (ಲೇಸು ಎಂದರೆ ನಮ್ಮ ಭಾಷೆಯಲ್ಲಿ ಒಳ್ಳೆಯದೆಂದಾಗುವುದನ್ನು ಕಂಡು ನಮ್ಮ ಹುಡುಗಿಯರು ನಗುವುದುಂಟು.)

ಈ ಐರಿಷ್ ಕೆಲಸದ ವಿಶೇಷವೇನೆಂದರೆ, ಗುಲಾಬಿ, ಎಲೆ, ದ್ರಾಕ್ಷಿಗೊಂಚಲು ಮುಂತಾದ ಪುಟ್ಟ ಪುಟ್ಟ ರೂಪಗಳನ್ನು ಬೇರೆ ಬೇರೆಯಾಗಿ ಹೆಣೆದು, ಆಮೇಲೆ ನಡುವೆ ಬಲೆಯನ್ನು ತುಂಬಿ ಒಂದಾಗಿ ಕೂಡಿಸುವುದು. ಒಬ್ಬಳು ಗುಲಾಬಿಯನ್ನೇ, ಮತ್ತೊಬ್ಬಳು ಎಲೆಯನ್ನೇ ಮಾಡುತ್ತಿದ್ದರೂ ಎಲ್ಲರ ಕೆಲಸವೂ ಕೂಡಿ ಒಂದು ಉಡುಪಾಗುತ್ತಿದ್ದಿತು. ಒಂದೊಂದು ಕುಟುಂಬವು ತನ್ನ ರೂಪವನ್ನು ಹೊರಗಿನವರ ಕಣ್ಣಿಗೆ ಬೀಳದಂತೆ ಕಾಪಾಡಿಕೊಳ್ಳುತ್ತಿದ್ದಿತೆಂದೂ ಹೇಳುತ್ತಾರೆ. ಅನ್ನವೇ ಅದರಲ್ಲಿದ್ದಾಗ ಅವರನ್ನು ದೂರಲಾದೀತೇ?

ಹಳೆಯ ಕಾಲದ ಸ್ಪೇನಿನ ಸೂಜಿಲೇಸನ್ನು ನೋಡಿ, ಅದನ್ನು ಕ್ರೋಶಾ ಕಡ್ಡಿಯಿಂದ ಅನುಕರಿಸಬಹುದೆಂದು ತಾನೇ ಮೊದಲು ಕಂಡುಕೊಂಡೆನೆಂದೂ, ಬರಗಾಲದ ದಿನಗಳಲ್ಲಿ ಐರ್ಲೆಂಡಿನ ಹೆಂಗಸರಿಗೆ ಜೀವನೋಪಾಯವಾದುದು ಅದೇ ಎಂದೂ ಕುಮಾರಿ ರಿಯೆಗೊ ಸಾಧಿಸುತ್ತಿದ್ದಳು. 1886ರಲ್ಲಿ, ಸಾಯುವುದಕ್ಕೆ ಒಂದು ವರ್ಷ ಮುಂಚೆ ಪ್ರಕಟಿಸಿದ ಐರಿಷ್ ಲೇಸಿನ ಪುಸ್ತಕದಲ್ಲಿ ಕೂಡ ಈ ಮಾತನ್ನು ಎತ್ತಿದಳು. ತಾಯಿಯ ನಾಡೆಂಬ ಅಭಿಮಾನವೂ ಇದರಲ್ಲಿ ಬೆರೆತಿದ್ದಿರಬಹುದು. ನಾವು ಈ ವಾದವನ್ನು ಪೂರ್ತಿಯಾಗಿ ಒಪ್ಪಲಾರೆವು. ಆಕೆಯ ಮೊದಲ ಪುಸ್ತಕವು ಅಚ್ಚಾಗುವುದಕ್ಕೆ ಮುಂಚೆಯೇ ಕಾರ್ಕಿನ ಸಂನ್ಯಾಸಿನಿಯರು ಕ್ರೋಶಾ ಕಲಿಸುತ್ತಿದ್ದರು. ಗುಡಿಸಲುಗಳಲ್ಲಿ ಕುಳಿತು ಹೊಸ ಹೊಸ ರೂಪಗಳನ್ನು ಹೊರಡಿಸಿದ ಅನೇಕ ಹೆಂಗಸರು ಯಾರ ಪುಸ್ತಕವನ್ನೂ ಓದಿದವರಲ್ಲ, ಒಬ್ಬರ ಕೆಲಸವನ್ನೊಬ್ಬರು ನೋಡಿ ಕಲಿತವರು. ಆದರೆ ಆ ಹೆಂಗಸರ ಹೆಸರುಗಳು ಉಳಿಯಲಿಲ್ಲ, ಆಕೆಯ ಹೆಸರು ಉಳಿಯಿತು. ಇದು ಆಕೆಯ ಅಹಂಕಾರವೆಂದು ಕೆಲವರು ಹೇಳಬಹುದು. ಹೆಂಗಸಿನ ಕೈಗೆಲಸವನ್ನು ಕಾಲಹರಣವೆಂದೆಣಿಸುತ್ತಿದ್ದ ಕಾಲದಲ್ಲಿ, ಇದು ನನ್ನ ಬುದ್ಧಿಯಿಂದ ಹುಟ್ಟಿದ ಮಾದರಿ ಎಂದು ಪುಸ್ತಕದ ಮೊದಲ ಪುಟದಲ್ಲಿಯೇ ಹೆಸರು ಹಾಕಿಸಿದ ಹದಿನೆಂಟು ವರ್ಷದ ಹುಡುಗಿಯಲ್ಲಿ ಅಹಂಕಾರಕ್ಕಿಂತ ಧೈರ್ಯವೇ ಹೆಚ್ಚೆಂದು ನಮಗೆ ತೋರುತ್ತದೆ. ದಾಸೋಜನು ಕಲ್ಲಿನಲ್ಲಿ ಹೆಸರು ಕೊರೆದುದನ್ನು ನಾವು ಅಹಂಕಾರವೆನ್ನುವೆವೇ?

1887ರಲ್ಲಿ ಆಕೆಯು ತೀರಿಕೊಂಡಳು. ಆಕೆಯ ಪುಸ್ತಕಗಳು ಪುಸ್ತಕಭಂಡಾರಗಳಲ್ಲಿ ಈಗಲೂ ಇವೆ. ಅವುಗಳ ಎಣಿಕೆಯನ್ನು ನೋಡಿ ಇಂದಿಗೂ ಕೆಲಸಮಾಡುವವರಿದ್ದಾರೆ. ಲೇಸಿನ ಕೆಲಸವು ನಮ್ಮ ದೇಶಕ್ಕೆ ಬಂದುದೂ ಪಾಠಶಾಲೆಗಳ ಮೂಲಕವೇ. 1819ರಲ್ಲಿ ನಾಗರಕೋಯಿಲಿಗೆ ಬಂದ ಮಾರ್ಥಾ ಮಾಲ್ಟ್ ಎಂಬ ಮಿಷನರಿ ಮಹಿಳೆಯು ತನ್ನ ಶಾಲೆಯ ಹುಡುಗಿಯರಿಗೆ ದಿಂಬಿನ ಲೇಸನ್ನು ಕಲಿಸಿದಳು. ಗೋದಾವರಿ ತೀರದ ನರಸಾಪುರದಲ್ಲಿ ಕ್ರೋಶಾ ಲೇಸು ಸಾವಿರಾರು ಮನೆಗಳ ಕಸುಬಾಯಿತು. ನಮ್ಮ ಕಡೆಯಲ್ಲಿ ಸೀರೆಯ ಸೆರಗಿಗೆ ಕ್ರೋಶಾ ಕುಚ್ಚು ಹಾಕಿ ಮನೆಯ ಖರ್ಚಿಗೆ ನಾಲ್ಕು ಕಾಸು ಸಂಪಾದಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಎಷ್ಟೋ ಜನರಿದ್ದಾರೆ.

ವೃದ್ಧೆಯ ಕೈಯಲ್ಲಿದ್ದ ಚಿಟ್ಟೆಯನ್ನು ಕುಮಾರಿ ರಿಯೆಗೊ ಮಾಡಿದಳೆಂದು ನಾವು ಹೇಳುವುದಿಲ್ಲ; ಅದು ನಮ್ಮ ಹೊಲಿಗೆಯ ತರಗತಿಯಲ್ಲಿ ಕೈಯಿಂದ ಕೈಗೆ ಬಂದ ಮಾದರಿ. ಆದರೆ ಆಕೆಯ ರೀತಿಯಲ್ಲಿ ಅದನ್ನು ಬರೆದಿಡುವುದು ಯುಕ್ತವೆಂದು ತೋರಿದುದರಿಂದ ಇಲ್ಲಿ ಬರೆಯುತ್ತೇವೆ. ಮೊದಲಿಗೆ ನೂಲಿನ ತುದಿಯನ್ನು ಒಂದು ಬೆರಳುದ್ದ ಬಿಟ್ಟು ಐದು ಸರಪಳಿ ಹಾಕಿ, ಮೊದಲನೆಯ ಸರಪಳಿಗೆ ಸೇರಿಸಿ ಉಂಗುರ ಮಾಡಿರಿ. ನಾಲ್ಕು ಸರಪಳಿ ಹಾಕಿ, ಕಡ್ಡಿಗೆ ಎರಡು ಸುತ್ತು ನೂಲು ಸುತ್ತಿದ ಉದ್ದ ಕಂಬಗಳನ್ನು ಉಂಗುರದೊಳಕ್ಕೆ ಮೂರು ಹಾಕಿ, ಮತ್ತೆ ನಾಲ್ಕು ಸರಪಳಿ ಹಾಕಿ ಉಂಗುರಕ್ಕೇ ಸೇರಿಸಿರಿ. ಇದು ಮೇಲಣ ಒಂದು ರೆಕ್ಕೆ. ಆಮೇಲೆ ಮೂರು ಸರಪಳಿ, ಒಂದೇ ಸುತ್ತಿನ ಮೂರು ಕಂಬ, ಮೂರು ಸರಪಳಿ, ಉಂಗುರಕ್ಕೆ ಸೇರಿಸುವುದು. ಇದು ಕೆಳಗಣ ರೆಕ್ಕೆ. ಇಂತಹುದೇ ಇನ್ನೊಂದು ಚಿಕ್ಕ ರೆಕ್ಕೆಯನ್ನೂ, ಕೊನೆಗೆ ಮೊದಲಿನಂತಹ ಒಂದು ದೊಡ್ಡ ರೆಕ್ಕೆಯನ್ನೂ ಮಾಡಿ ನೂಲನ್ನು ಬೆರಳುದ್ದ ಬಿಟ್ಟು ಕತ್ತರಿಸಿರಿ. ಹೊಸಬರು ಸಾಮಾನ್ಯವಾಗಿ ತಪ್ಪುವುದು ಉಂಗುರವನ್ನು ಬಿಗಿಯಾಗಿ ಎಳೆಯುವುದರಲ್ಲಿ. ನಾಲ್ಕು ರೆಕ್ಕೆಗೂ ಅದರಲ್ಲಿ ಸ್ಥಳವಿರಬೇಕು. ಬೇರೆ ಬಣ್ಣದ ನೂಲನ್ನು ದೊಡ್ಡ ರೆಕ್ಕೆಗಳ ನಡುವಿನಿಂದ ಚಿಕ್ಕ ರೆಕ್ಕೆಗಳ ನಡುವಿಗೆ ಏಳೆಂಟು ಸುತ್ತು ಸುತ್ತಿ ಹಿಂದೆ ಗಂಟು ಹಾಕಿದರೆ ಮೈಯಾಗುವುದು. ಮೊದಲೂ ಕೊನೆಗೂ ಬಿಟ್ಟ ಎರಡು ತುದಿಗಳು ತಲೆಯ ಬಳಿಯಲ್ಲಿಯೇ ಬಂದು ನಿಲ್ಲುತ್ತವೆ. ಅವುಗಳ ಕೊನೆಗೆ ಒಂದೊಂದು ಗಂಟು ಹಾಕಿದರೆ ಮೀಸೆಗಳಾದವು. ತಿಳಿಯಾದ ಅಕ್ಕಿಗಂಜಿಯಲ್ಲಿ ಅದ್ದಿ, ರೆಕ್ಕೆಗಳನ್ನು ಹರಡಿ ನೆರಳಿನಲ್ಲಿ ಒಣಗಿಸಿರಿ. ಮುಂದಿನ ಪ್ರದರ್ಶನದಿಂದ ಪ್ರತಿಯೊಂದು ಚಿಟ್ಟೆಯ ಚೀಟಿಯಲ್ಲಿಯೂ ಅಂಕೆಯ ಪಕ್ಕದಲ್ಲಿ ಮಾಡಿದ ಹುಡುಗಿಯ ಹೆಸರನ್ನು ಬರೆಯುವುದೆಂದು ನಿಶ್ಚಯಿಸಿದ್ದೇವೆ.