ತಾಯಿಯ ಹೆಸರು ತಪ್ಪಿದ ಉಯಿಲು

ಹೆತ್ತ ತಾಯಿಯ ಹೆಸರನ್ನೇ ತಪ್ಪಾಗಿ ಬರೆಸಿದ ಉಯಿಲೊಂದು 1866ರಲ್ಲಿ ಆಸ್ಟ್ರೇಲಿಯದ ವ್ಯಾಗಾ ವ್ಯಾಗಾ ಪಟ್ಟಣದಲ್ಲಿ ಸಿದ್ಧವಾಯಿತು. ಬರೆಸಿದಾತ ಟಾಮ್ ಕ್ಯಾಸ್ಟ್ರೊ, ಸಾಲದಲ್ಲಿ ಮುಳುಗಿದ್ದ ಮಾಂಸದ ವ್ಯಾಪಾರಿ. ತಾನು ಇಂಗ್ಲೆಂಡಿನ ಸಿರಿವಂತ ಟಿಚ್‌ಬೋರ್ನ್ ಮನೆತನದ ಸರ್ ರೋಜರ್ ಎಂದು ಹೇಳಿಕೊಂಡಿದ್ದ ಆತನಿಗೆ ತುರ್ತಾಗಿ ಹಣ ಬೇಕಿತ್ತು. ಇಲ್ಲದ ಜಮೀನುಗಳನ್ನು ಹಂಚಿದ್ದ ಆ ಪತ್ರದಲ್ಲಿ ತಾಯಿಯ ಹೆಸರು ಹ್ಯಾನಾ ಫ್ರಾನ್ಸಿಸ್ ಎಂದಿತ್ತು. ರೋಜರ್‌ನ ತಾಯಿಯ ಹೆಸರು ಹೆನ್ರಿಯೆಟ್.

ನ್ಯಾಯಾಲಯ ನಿರ್ಣಯಿಸಿದಂತೆ ಈತನ ನಿಜನಾಮ ಆರ್ಥರ್ ಆರ್ಟನ್. 1834ರಲ್ಲಿ ಲಂಡನ್ನಿನ ವ್ಯಾಪಿಂಗ್‌ನಲ್ಲಿ ಕಟುಕನ ಮಗನಾಗಿ ಜನಿಸಿ, ಎಳೆಯ ವಯಸ್ಸಿನಲ್ಲೇ ಹಡಗು ಸೇರಿ, ಚಿಲಿಯಲ್ಲಿ ಹಡಗು ಬಿಟ್ಟು ಓಡಿದವನು. ಕ್ಯಾಸ್ಟ್ರೊ ಎಂಬುದು ಅಲ್ಲಿ ಆಶ್ರಯವಿತ್ತ ಕುಟುಂಬದ ಹೆಸರು. ಮುಂದೆ ಆಸ್ಟ್ರೇಲಿಯ ಸೇರಿದ.

ರೋಜರ್ ಹುಟ್ಟಿದ್ದು, ಬೆಳೆದದ್ದು ಪ್ಯಾರಿಸ್‌ನಲ್ಲಿ. 1854ರಲ್ಲಿ ರಿಯೊದಿಂದ ಹೊರಟ ಬೆಲ್ಲಾ ಹಡಗಿನೊಡನೆ ಕಣ್ಮರೆಯಾದ. ಎಲ್ಲರೂ ಆಸೆ ಬಿಟ್ಟರೂ ತಾಯಿ ಬಿಡಲಿಲ್ಲ; ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಮಗನನ್ನು ಹುಡುಕಿಸಿದಳು. ಆ ಜಾಹೀರಾತೇ ವ್ಯಾಗಾ ವ್ಯಾಗಾವನ್ನು ತಲುಪಿತ್ತು.

1867ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಆಕೆ ಅವನನ್ನು ಮಗನೆಂದು ಒಪ್ಪಿದಳು. ರೋಜರ್ ಸಪೂರ ದೇಹದವನು, ಬಂದವನು ಸ್ಥೂಲಕಾಯ. ರೋಜರ್‌ನ ಬಾಲ್ಯದ ಭಾಷೆ ಫ್ರೆಂಚ್, ಇವನಿಗೆ ಅದು ಬಾರದು. ಆದರೂ ವರ್ಷಕ್ಕೆ 1,000 ಪೌಂಡ್ ಭತ್ಯೆ ಗೊತ್ತುಮಾಡಿದಳು. ಹದಿಮೂರು ವರ್ಷ ಕಾದಿದ್ದ ಕಣ್ಣಿಗೆ ಇವೆಲ್ಲ ಪ್ರಮಾಣಗಳಾಗಿ ತೋರದಿದ್ದುದರಲ್ಲಿ ಅಚ್ಚರಿಯಿಲ್ಲ. ಉಳಿದ ಬಂಧುಗಳಲ್ಲಿ ಹೆಚ್ಚಿನವರು ಆತನನ್ನು ವಂಚಕನೆಂದೇ ಬಗೆದರು. ರೋಜರ್‌ನ ತಮ್ಮ ಆಲ್ಫ್ರೆಡ್ 1866ರಲ್ಲೇ ತೀರಿಕೊಂಡಿದ್ದ. ಆತನ ಮರಣಾನಂತರ ಹುಟ್ಟಿದ ಕೂಸಿನ ಹಕ್ಕು ಪಣಕ್ಕೆ ಬಿದ್ದಿತ್ತು. 1868ರಲ್ಲಿ ತಾಯಿಯೂ ಕಣ್ಮುಚ್ಚಿದಾಗ ಆತನ ಬಲವಾದ ಸಾಕ್ಷಿ ಇಲ್ಲವಾಯಿತು.

ಆಸ್ತಿಯ ದಾವೆ 1871ರ ಮೇ ತಿಂಗಳಲ್ಲಿ ಆರಂಭವಾಯಿತು. ರೋಜರ್‌ನ ತೋಳಿನಲ್ಲಿ ಹಚ್ಚೆಯಿತ್ತೆಂದು ಶಾಲೆಯ ಸಹಪಾಠಿ ಲಾರ್ಡ್ ಬೆಲ್ಯೂ ನುಡಿದ. ವಾದಿಯ ತೋಳಿನಲ್ಲಿ ಅದಿರಲಿಲ್ಲ. 1872ರ ಮಾರ್ಚ್‌ನಲ್ಲಿ ದಾವೆ ಕುಸಿದುಬಿತ್ತು. ಪ್ರಮಾಣ ಮಾಡಿ ಸುಳ್ಳು ನುಡಿದ ಆರೋಪದ ಮೇಲೆ ಬಂಧನವಾಯಿತು.

ಜಾಮೀನಿನ ಮೇಲೆ ಹೊರಬಂದ ಆತ ಊರೂರು ತಿರುಗಿ ಸಭೆ ನಡೆಸಿದ. ದುಡಿಯುವ ಜನ ಚಂದಾ ಎತ್ತಿ ಕೊಟ್ಟರು. ಸಿರಿವಂತರ ನ್ಯಾಯಾಲಯದಲ್ಲಿ ಬಡವನಿಗೆ ನ್ಯಾಯವಿಲ್ಲವೆಂಬ ಅವರ ಕೋಪ ನಿಜವಾದದ್ದೇ; ಅದನ್ನು ಹೊರಲು ಆರಿಸಿಕೊಂಡ ವ್ಯಕ್ತಿಯಂತೂ, ವಿಚಿತ್ರವೆಂದರೆ, ತಾನು ಶ್ರೀಮಂತನೆಂದೇ ವಾದಿಸುತ್ತಿದ್ದವನು.

ಕ್ರಿಮಿನಲ್ ವಿಚಾರಣೆ 188 ದಿನ ನಡೆಯಿತು. ಆತನ ವಕೀಲ ಎಡ್ವರ್ಡ್ ಕೆನೀಲಿ ಸಾಕ್ಷಿಗಳ ಮೇಲೂ ಪೀಠದ ಮೇಲೂ ಹರಿಹಾಯ್ದು ಕಕ್ಷಿದಾರನಿಗೆ ಕೆಡುಕನ್ನೇ ಮಾಡಿದ. 1874ರ ಫೆಬ್ರುವರಿ 28ರಂದು ಜ್ಯೂರಿ ಅರ್ಧ ಗಂಟೆಯಲ್ಲೇ ಅಪರಾಧಿಯೆಂದು ಘೋಷಿಸಿತು. ಶಿಕ್ಷೆ 14 ವರ್ಷ. 1884ರಲ್ಲಿ ಬಿಡುಗಡೆಯಾದಾಗ ಬೆಂಬಲಿಗರ ಉತ್ಸಾಹ ಇಳಿದಿತ್ತು. ಮ್ಯೂಸಿಕ್ ಹಾಲ್‌ಗಳ ವೇದಿಕೆಯಲ್ಲಿ ಪ್ರದರ್ಶನವಾಗಿ ಆತ ಹೊಟ್ಟೆ ಹೊರೆದ. 1895ರಲ್ಲಿ ಹಣ ಪಡೆದು ತಾನು ಆರ್ಟನ್ ಎಂದು ಪತ್ರಿಕೆಯೊಂದರಲ್ಲಿ ಒಪ್ಪಿಕೊಂಡು, ಅನಂತರ ಆ ಮಾತನ್ನೂ ಹಿಂತೆಗೆದುಕೊಂಡ.

1898ರ ಏಪ್ರಿಲ್ 1ರಂದು ಲಂಡನ್ನಿನಲ್ಲಿ ಬಡತನದಲ್ಲೇ ನಿಧನ ಹೊಂದಿದ. ಗುರುತಿಲ್ಲದ ಸಮಾಧಿಗೆ ಇಳಿದ ಶವಪೆಟ್ಟಿಗೆಯ ಮೇಲೆ, ಟಿಚ್‌ಬೋರ್ನ್ ಮನೆತನದವರ ಒಪ್ಪಿಗೆಯೊಡನೆ, ಸರ್ ರೋಜರ್ ಟಿಚ್‌ಬೋರ್ನ್ ಎಂದೇ ಬರೆಯಲಾಗಿತ್ತು.