ಕಾಡಿಗೊಬ್ಬ ವೈದ್ಯ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯು ಬಯಲುನಾಡು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲಿಲ್ಲ. ವರ್ಷಕ್ಕೆ ಬೀಳುವ ಸುಮಾರು 700 ಮಿಲಿಮೀಟರು ಮಳೆಯನ್ನು ಕೆರೆಗಳಲ್ಲಿ ಹಿಡಿದಿಟ್ಟುಕೊಂಡು ಇಲ್ಲಿಯ ಜನ ತಲೆಮಾರುಗಳಿಂದ ಬಾಳಿಕೊಂಡು ಬಂದಿದ್ದಾರೆ. ಹಳ್ಳಿಗಳು ಒತ್ತೊತ್ತಾಗಿವೆ. ಅವುಗಳ ನಡುವೆ ಬಂಡೆಗಲ್ಲಿನ ಬೆಟ್ಟಗಳು. ಬೆಟ್ಟಗಳ ಮೇಲೆ ಜಾಲಿ, ಕಗ್ಗಲಿ, ತಂಗಡಿ, ಬಂದರಿಗಳ ಕುರುಚಲು ಕಾಡು ಮತ್ತು ಆಳೆತ್ತರದ ಹುಲ್ಲು. ಶಿವರಾತ್ರಿಯ ವೇಳೆಗೆ ಈ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಅಲ್ಲಿಂದ ಮುಂಗಾರಿನ ಮೊದಲ ಮಳೆ ಬೀಳುವವರೆಗೆ ಯಾವ ರಾತ್ರಿಯಲ್ಲಾದರೂ ಬೆಟ್ಟದ ನೆತ್ತಿಯಲ್ಲಿ ಬೆಂಕಿಯ ಸಾಲು ಕಾಣಿಸಿಕೊಳ್ಳಬಹುದು. ಕೋಲಾರದ ಶತಶೃಂಗ ಪರ್ವತಶ್ರೇಣಿಯು ಬೇಸಗೆಯಲ್ಲಿ ಹೀಗೆ ಉರಿಯುವುದನ್ನು ಕಂಡವರು ಅನೇಕರಿದ್ದಾರೆ.

ಈ ಬೆಂಕಿಯು ತಾನಾಗಿ ಹುಟ್ಟುವುದು ಬಹಳ ಅಪರೂಪ. ಬಿದಿರು ಬಿದಿರಿಗೆ ಉಜ್ಜಿ ಕಿಚ್ಚು ಹೊತ್ತುವುದೆಂಬ ಮಾತು ಕೇಳಲು ಸೊಗಸಾಗಿದ್ದರೂ ನಮ್ಮ ಕಾಡುಗಳ ಕಿಚ್ಚಿಗೆ ಬಹುಪಾಲು ಕಾರಣ ಮನುಷ್ಯನ ಕೈಯೇ. ಹಳೆಯ ಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೆಯ ಹುಲ್ಲು ಚಿಗುರಿ ದನಕುರಿಗಳಿಗೆ ಮೇವಾಗುತ್ತದೆಂಬ ಆಸೆ, ಜೇನು ಬಿಡಿಸುವವನ ಪಂಜು, ಎಸೆದುಹೋದ ಬೀಡಿಯ ತುಂಡು, ಇವುಗಳಲ್ಲಿ ಯಾವುದಾದರೊಂದು ಸಾಕು. ಕಾಡ್ಗಿಚ್ಚೆಂಬುದು ಕಾಡಿನ ಸಮಸ್ಯೆಯಾಗಿರುವಷ್ಟೇ ಕಾಡಿನ ಮಗ್ಗುಲಲ್ಲಿ ಬಾಳುವ ಜನರ ಸಮಸ್ಯೆಯೂ ಆಗಿದೆ. ಇದನ್ನು ಕನ್ನಡನಾಡಿನ ನೆಲದ ಮೇಲೆ ನಿಂತು, ಶಾಸ್ತ್ರೀಯ ದೃಷ್ಟಿಯಿಂದ ಮೊದಮೊದಲಿಗೆ ವಿಚಾರ ಮಾಡಿದವರಲ್ಲಿ ಹ್ಯೂ ಕ್ಲೆಗಾರ್ನನು ಪ್ರಮುಖನು. ವೃತ್ತಿಯಿಂದ ಆತನು ವೈದ್ಯನು.

ಕ್ಲೆಗಾರ್ನನು 1820ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಮದ್ರಾಸಿನಲ್ಲಿ ಜನಿಸಿದನು. ತಂದೆಯು ಅಲ್ಲಿಯ ಸುಪ್ರೀಂ ಕೋರ್ಟಿನ ಅಧಿಕಾರಿಯಾಗಿದ್ದನು. ಅಂದಿನ ಆಂಗ್ಲ ಕುಟುಂಬಗಳ ರೂಢಿಯಂತೆ ಬಾಲಕನನ್ನು ಎಳವೆಯಲ್ಲಿಯೇ ಸ್ಕಾಟ್ಲೆಂಡಿಗೆ ಕಳುಹಿಸಲಾಯಿತು. ಫೈಫ್ ಪ್ರಾಂತದ ಸ್ಟ್ರಾವಿತಿ ಎಂಬಲ್ಲಿ ಅಜ್ಜನ ಜಮೀನಿತ್ತು. ಹೊಲ, ತೋಪು, ಬೇಲಿಗಿಡಗಳ ನಡುವೆ ಬೆಳೆದ ಹುಡುಗನಿಗೆ ಸಸ್ಯಗಳಲ್ಲಿ ಒಲವು ಮೂಡಿದ್ದು ಸಹಜವೇ. ಎಡಿನ್‌ಬರೋದಲ್ಲಿ ಆತನು ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ 1841ರಲ್ಲಿ ಎಂ.ಡಿ. ಪದವಿ ಪಡೆದನು. ಆ ಕಾಲದಲ್ಲಿ ಔಷಧಿಗಳ ಮೂಲವೆಲ್ಲ ಬಹುಮಟ್ಟಿಗೆ ಗಿಡಮೂಲಿಕೆಗಳೇ ಆಗಿದ್ದುದರಿಂದ ವೈದ್ಯನಾಗುವವನು ಸಸ್ಯಶಾಸ್ತ್ರವನ್ನೂ ಕಲಿಯಲೇಬೇಕಾಗಿತ್ತು. ಮರುವರ್ಷವೇ ಆತನು ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯನಾಗಿ ತನ್ನ ಜನ್ಮಸ್ಥಳವಾದ ಮದ್ರಾಸಿಗೆ ಮರಳಿದನು.

ಆಗ ಮೈಸೂರು ಸೀಮೆಯು ಕಮೀಷನರ ಆಳ್ವಿಕೆಯಲ್ಲಿತ್ತು. ಮಾರ್ಕ್ ಕಬ್ಬನ್ ಬೆಂಗಳೂರಿನಲ್ಲಿ ಕುಳಿತು ಆಡಳಿತ ನಡೆಸುತ್ತಿದ್ದನು. ತರುಣ ವೈದ್ಯನಾದ ಕ್ಲೆಗಾರ್ನನನ್ನು ಶಿವಮೊಗ್ಗೆಗೆ ನೇಮಿಸಲಾಯಿತು. ರೋಗಿಗಳನ್ನು ನೋಡುವುದು, ದೇವಿ ಹಾಕಿಸುವ ಏರ್ಪಾಟನ್ನು ವಿಚಾರಿಸುವುದು, ಸೆರೆಮನೆಗಳ ಆರೋಗ್ಯ ನೋಡಿಕೊಳ್ಳುವುದು, ಇಂತಹ ಕೆಲಸಗಳ ನಿಮಿತ್ತ ಕುದುರೆಯ ಮೇಲೆ ಊರೂರು ಸುತ್ತುವುದು ಅಂದಿನ ಜಿಲ್ಲಾ ವೈದ್ಯನಿಗೆ ಅನಿವಾರ್ಯವಾಗಿತ್ತು. ಸಸ್ಯವಿಜ್ಞಾನಿಯಾದ ವಿಲಿಯಂ ಹೂಕರನು ದಿನಕ್ಕೊಂದು ಗಿಡವನ್ನು ಕಾಲು ಗಂಟೆಯ ಹೊತ್ತಾದರೂ ಮನಸ್ಸಿಟ್ಟು ನೋಡಬೇಕೆಂದು ಆತನಿಗೆ ಸಲಹೆ ಮಾಡಿದ್ದನು. ಕ್ಲೆಗಾರ್ನನು ಅದನ್ನು ಒಂದು ವ್ರತದಂತೆ ಪಾಲಿಸಿದನು. ಮರಾಠ ಕಲಾವಿದನೊಬ್ಬನನ್ನು ಗೊತ್ತುಮಾಡಿಕೊಂಡು, ದಿನವೂ ಒಂದು ಸಸ್ಯದ ಚಿತ್ರವನ್ನು ಬರೆಯಿಸಿದನು. ಶಿವಮೊಗ್ಗೆಯ ಸುತ್ತಲಿನ ನೂರಾರು ಗಿಡಮರಗಳು ಹೀಗೆ ಕಾಗದದ ಮೇಲೆ ಮೂಡಿದವು. ಆ ಚಿತ್ರಕಾರನ ಹೆಸರು ಮಾತ್ರ ಇತಿಹಾಸದಲ್ಲಿ ಉಳಿಯಲಿಲ್ಲ.

ಗಿಡವನ್ನು ಹತ್ತಿರದಿಂದ ನೋಡುವ ಅಭ್ಯಾಸವುಳ್ಳವನಿಗೆ ಕಾಡು ಬರಿದಾಗುತ್ತಿರುವುದು ಬೇಗನೆ ಕಾಣುತ್ತದೆ. ಮಲೆನಾಡಿನ ಬೆಟ್ಟದ ಇಳಿಜಾರುಗಳಲ್ಲಿ ಆಗ ಕುಮರಿ ಬೇಸಾಯವು ನಡೆಯುತ್ತಿತ್ತು. ಬೇಸಾಯಗಾರರು ಚಳಿಗಾಲದಲ್ಲಿ ಕಾಡಿನ ಒಂದು ಭಾಗವನ್ನು ಕಡಿದು ಒಣಗಲು ಬಿಡುವರು; ಬೇಸಗೆಯ ಕೊನೆಯಲ್ಲಿ ಅದಕ್ಕೆ ಬೆಂಕಿಯಿಡುವರು; ಬೂದಿಯ ಮೇಲೆ ಮಳೆ ಬಿದ್ದೊಡನೆ ರಾಗಿ ಮೊದಲಾದ ಧಾನ್ಯಗಳನ್ನು ಬಿತ್ತುವರು. ಒಂದೆರಡು ಬೆಳೆ ತೆಗೆದು ಆ ನೆಲವನ್ನು ಬಿಟ್ಟು ಮುಂದೆ ಸಾಗುವರು. ಬಿಟ್ಟ ನೆಲದಲ್ಲಿ ಹತ್ತಾರು ವರ್ಷಗಳ ತರುವಾಯ ಕಾಡು ಮತ್ತೆ ಬೆಳೆಯುತ್ತಿತ್ತು. ಜನ ಕಡಿಮೆಯಿದ್ದು ಕಾಡು ವಿಶಾಲವಾಗಿದ್ದಾಗ ಇದರಿಂದ ಹೆಚ್ಚಿನ ಕೇಡಾಗುತ್ತಿರಲಿಲ್ಲ. ಆದರೆ ಜನಸಂಖ್ಯೆ ಹೆಚ್ಚಿ, ಕಾಡು ಕುಗ್ಗಿ, ಬಿಡುವಿನ ಅವಧಿಯು ಕಡಿಮೆಯಾದಂತೆ ಕುಮರಿಯ ಬೆಂಕಿಯು ಕಾಡು ಮತ್ತೆ ಚೇತರಿಸಿಕೊಳ್ಳುವ ಮೊದಲೇ ಹಿಂತಿರುಗಿ ಬರತೊಡಗಿತು. ಎಲ್ಲೆ ಮೀರಿದ ಕಿಚ್ಚು ಪಕ್ಕದ ಕಾಡಿಗೂ ಹಬ್ಬಿ ಎಳೆಯ ಸಸಿಗಳನ್ನು ಸುಡುತ್ತಿತ್ತು. ಕ್ಲೆಗಾರ್ನನು ಇದನ್ನು ಕಬ್ಬನನ ಸರ್ಕಾರದ ಗಮನಕ್ಕೆ ತಂದನು.

ಅಷ್ಟರಲ್ಲಿ ಮಲೆನಾಡಿನ ಜ್ವರವು ಈ ವೈದ್ಯನನ್ನೂ ಬಿಡಲಿಲ್ಲ. 1848ರಲ್ಲಿ ಆತನು ರಜೆಯ ಮೇಲೆ ಸ್ವದೇಶಕ್ಕೆ ಹೋಗಬೇಕಾಯಿತು. ಆದರೆ ಈ ಕಾಯಿಲೆಯೇ ಆತನ ಬಾಳಿನ ದಿಕ್ಕನ್ನು ಬದಲಿಸಿತೆನ್ನಬೇಕು. 1850ರಲ್ಲಿ ಎಡಿನ್‌ಬರೋದಲ್ಲಿ ಸೇರಿದ ಬ್ರಿಟಿಷ್ ವಿಜ್ಞಾನ ಸಂಘದ ಸಭೆಯು, ಉಷ್ಣವಲಯದ ಕಾಡುಗಳ ನಾಶದಿಂದ ಉಂಟಾಗುವ ಪರಿಣಾಮಗಳನ್ನು ಕುರಿತು ವರದಿ ಸಿದ್ಧಪಡಿಸಲು ಒಂದು ಸಮಿತಿಯನ್ನು ನೇಮಿಸಿತು. ಸಮಿತಿಯ ಮುಖ್ಯ ಹೊಣೆಯು ಕ್ಲೆಗಾರ್ನನ ಮೇಲೆ ಬಿದ್ದಿತು. 1851ರಲ್ಲಿ ಒಪ್ಪಿಸಲಾದ ಆ ವರದಿಯು ಅರಣ್ಯಶಾಸ್ತ್ರದ ಚರಿತ್ರೆಯಲ್ಲಿ ಮುಖ್ಯವಾದುದು. ಕಾಡು ನಾಶವಾದರೆ ಮಳೆಯೇ ಕಡಿಮೆಯಾಗುವುದೇ ಎಂಬ ಪ್ರಶ್ನೆಗೆ ಸಮಿತಿಯು ಅವಸರದ ಉತ್ತರ ಕೊಡಲಿಲ್ಲ. ಅದಕ್ಕೆ ಸಾಕಷ್ಟು ಆಧಾರಗಳು ಇನ್ನೂ ದೊರೆತಿರಲಿಲ್ಲ. ಆದರೆ ಬಿದ್ದ ಮಳೆಯನ್ನು ನೆಲದಲ್ಲಿ ಇಂಗಿಸಿ, ಊಟೆಗಳನ್ನು ಉಳಿಸುವುದರಲ್ಲಿ ಕಾಡಿನ ಪಾತ್ರ ದೊಡ್ಡದೆಂಬುದನ್ನು ಅದು ಎತ್ತಿ ತೋರಿಸಿತು. ಕೋಲಾರದ ಅಂತರಗಂಗೆಯಲ್ಲಿ ಬಂಡೆಗಳ ಒಳಗಿನಿಂದ ಬಸವನ ಬಾಯಿಗೆ ನೀರು ಹರಿದು ಬರುವುದನ್ನು ನೋಡಿದವರಿಗೆ ಈ ವಿಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಟ್ಟದ ಮೈಮೇಲಿನ ಹಸುರು ಸುಟ್ಟುಹೋದಾಗ ಮೊದಲ ಬಿರುಮಳೆಗೆ ಮಣ್ಣು ಕೊಚ್ಚಿಹೋಗಿ ತಪ್ಪಲಿನ ಕೆರೆಯಲ್ಲಿ ಹೂಳಾಗಿ ನಿಲ್ಲುತ್ತದೆ. ಕೆರೆಯನ್ನೇ ನಂಬಿದ ನಾಡಿಗೆ ಇದು ಎರಡು ಬಗೆಯ ನಷ್ಟ.

ಕ್ಲೆಗಾರ್ನನು 1852ರಲ್ಲಿ ಭಾರತಕ್ಕೆ ಹಿಂತಿರುಗಿ ಮದ್ರಾಸು ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾದನು. 1856ರಲ್ಲಿ ಬೆಂಗಳೂರಿನ ಲಾಲ್‌ಬಾಗು ಸರ್ಕಾರಿ ಸಸ್ಯೋದ್ಯಾನವಾದುದರ ಹಿಂದೆಯೂ ಆತನ ಸಲಹೆಯಿತ್ತು. ಅದೇ ವರ್ಷದ ಕೊನೆಯಲ್ಲಿ ಮದ್ರಾಸು ಸರ್ಕಾರವು ಆತನನ್ನು ಪ್ರಾಂತದ ಮೊದಲನೆಯ ಅರಣ್ಯ ಸಂರಕ್ಷಣಾಧಿಕಾರಿಯನ್ನಾಗಿ ನೇಮಿಸಿತು. ಮೂವತ್ತಾರರ ವಯಸ್ಸಿನಲ್ಲಿ ವೈದ್ಯನು ಕಾಡಿನ ಕಾವಲಿಗೆ ನಿಂತನು.

1856ನೆಯ ವರ್ಷಕ್ಕೆ ಇನ್ನೊಂದು ಮಹತ್ವವೂ ಉಂಟು. ದಕ್ಷಿಣ ಭಾರತದ ಮೊದಲ ರೈಲು ಮದ್ರಾಸಿನಿಂದ ಆರ್ಕಾಟಿನ ಕಡೆಗೆ ಓಡಿದುದು ಆ ವರ್ಷದ ಜುಲೈ ತಿಂಗಳಲ್ಲಿ. ಒಂದು ಮೈಲಿ ರೈಲುದಾರಿಗೆ 1,700ಕ್ಕೂ ಹೆಚ್ಚು ಮರದ ಅಡ್ಡಪಟ್ಟಿಗಳು ಬೇಕಾಗುತ್ತಿದ್ದವು. ಅವು ಕೆಲವೇ ವರ್ಷಗಳಲ್ಲಿ ಗೆದ್ದಲು ಹಿಡಿದು, ಮಳೆಬಿಸಿಲಿಗೆ ಕೊಳೆತು, ಹೊಸದನ್ನು ಬೇಡುತ್ತಿದ್ದವು. ಇಂಜಿನ್ನಿನ ಒಲೆಗೂ ಸೌದೆಯೇ ಆಹಾರ. ಜೋಲಾರಪೇಟೆಯಿಂದ ಹೊರಟ ಕವಲುದಾರಿಯು 1864ರಲ್ಲಿ ಬಂಗಾರಪೇಟೆ, ಮಾಲೂರುಗಳನ್ನು ಹಾದು ಬೆಂಗಳೂರನ್ನು ಮುಟ್ಟಿತು. ಮುಂದೆ ಕೋಲಾರದ ಚಿನ್ನದ ಗಣಿಗಳು ತಲೆಯೆತ್ತಿದಾಗ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬರುವವರೆಗೆ, ಅಲ್ಲಿಯ ಯಂತ್ರಗಳು ಉಗಿಯ ಬಲದಿಂದಲೇ ನಡೆಯುತ್ತಿದ್ದವು. ಒಣನಾಡಿನ ಕುರುಚಲು ಕಾಡಿಗೆ ಹಳ್ಳಿಯ ಒಲೆಯೊಂದೇ ಅಲ್ಲದೆ ಇಂತಹ ದೊಡ್ಡ ಒಲೆಗಳೂ ಗಂಟುಬಿದ್ದವು.

ಈ ಹಿನ್ನೆಲೆಯಲ್ಲಿ ಕ್ಲೆಗಾರ್ನನ ಕೆಲಸ ಸುಲಭವಾಗಿರಲಿಲ್ಲ. ಕೈಕೆಳಗಿನ ಸಿಬ್ಬಂದಿಯು ಅತ್ಯಲ್ಪ. ನೋಡಬೇಕಾದ ಕಾಡು ಮಲಬಾರಿನಿಂದ ಗೋದಾವರಿಯ ದಂಡೆಯವರೆಗೆ ಹಬ್ಬಿತ್ತು. ಆತನು ಆನೆಮಲೆಯನ್ನು ಹತ್ತಿದನು, ಕನ್ನಡ ಜಿಲ್ಲೆಯ ಘಟ್ಟಗಳನ್ನು ಸುತ್ತಿದನು, ಸೌದೆಗಾಗಿ ನೆಡುತೋಪುಗಳನ್ನು ಬೆಳೆಸಲು ಏರ್ಪಾಟು ಮಾಡಿದನು. ತನ್ನ ವಾರ್ಷಿಕ ವರದಿಗಳನ್ನೆಲ್ಲ ಕೂಡಿಸಿ 1861ರಲ್ಲಿ ದಕ್ಷಿಣ ಭಾರತದ ಕಾಡುಗಳನ್ನೂ ಉದ್ಯಾನಗಳನ್ನೂ ಕುರಿತ ಗ್ರಂಥವನ್ನು ಪ್ರಕಟಿಸಿದನು. ಕಾಡಿನ ನಾಶಕ್ಕೆ ಕುಮರಿಯವರೊಬ್ಬರೇ ಹೊಣೆಯೆಂದು ಆತನು ತಿಳಿದಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ರೈಲಿನ ಗುತ್ತಿಗೆದಾರರ ಕೊಡಲಿಯೂ ಕಾಫಿ ತೋಟಗಳಿಗಾಗಿ ಕಾಡು ಸವರುವವರ ಕೊಡಲಿಯೂ ಆತನ ಕಣ್ಣಿಗೆ ಬಿದ್ದಿದ್ದವು.

ಹಾಗಿದ್ದರೂ ಕಟ್ಟಳೆಯ ಪೆಟ್ಟು ಮೊದಲು ತಗುಲಿದ್ದು ದುರ್ಬಲರಿಗೆ. 1860ರಲ್ಲಿ ಮದ್ರಾಸು ಸರ್ಕಾರವು ಪೂರ್ವಾನುಮತಿಯಿಲ್ಲದೆ ಸರ್ಕಾರಿ ಕಾಡುಗಳಲ್ಲಿ ಕುಮರಿ ಮಾಡುವುದನ್ನು ನಿಷೇಧಿಸಿತು. ಇದರ ಹಿಂದೆ ಕ್ಲೆಗಾರ್ನನ ಒತ್ತಾಯವಿತ್ತು. ಅಂದಿನವರೆಗೆ ತಮ್ಮ ಹಿರಿಯರಂತೆ ಬಾಳಿದ್ದ ಬೆಟ್ಟದ ಜನರಿಗೆ ಅನ್ನದ ದಾರಿಯೇ ಅಪರಾಧವಾಯಿತು. ಹಲವರು ಕೂಲಿಗಳಾಗಿ ತೋಟಗಳನ್ನು ಸೇರಿದರು. ಕಾಡು ಉಳಿಯಬೇಕೆಂಬ ಆತನ ಕಳಕಳಿಯು ನಿಜವಾದುದೇ. ಆದರೆ ಆ ಕಾಡಿನ ತೇಗವು ಹಡಗಿಗೂ ರೈಲಿಗೂ ಬೇಕೆಂಬ ಸರ್ಕಾರದ ಲೆಕ್ಕಾಚಾರವೂ ಅಷ್ಟೇ ನಿಜ. ಈ ಎರಡನ್ನೂ ಬೇರ್ಪಡಿಸಿ ಕ್ಲೆಗಾರ್ನನನ್ನು ಅಳೆಯಲು ಸಾಧ್ಯವಿಲ್ಲ.

1861ರಲ್ಲಿ ಆತನಿಗೆ ವಿವಾಹವಾಯಿತು. ಅನಂತರ ಪಂಜಾಬಿನ ಹಿಮಾಲಯದ ದೇವದಾರು ಕಾಡುಗಳನ್ನು ಪರೀಕ್ಷಿಸುವ ಹೊಣೆಯು ಬಂದಿತು. ಜರ್ಮನಿಯ ಅರಣ್ಯತಜ್ಞ ಡೀಟ್ರಿಚ್ ಬ್ರಾಂಡಿಸನು 1864ರಲ್ಲಿ ಭಾರತದ ಅರಣ್ಯಗಳ ಮಹಾಪರೀಕ್ಷಕನಾದಾಗ ಕ್ಲೆಗಾರ್ನನು ಆತನಿಗೆ ನೆರವಾದನು. ಬ್ರಾಂಡಿಸನು ರಜೆಯಲ್ಲಿದ್ದಾಗ ಆ ಹುದ್ದೆಯನ್ನು ತಾನೇ ನಿರ್ವಹಿಸಿದನು. ಮೈಸೂರು ಸೀಮೆಯಲ್ಲಿ ಪ್ರತ್ಯೇಕ ಅರಣ್ಯ ಇಲಾಖೆಯು ಹುಟ್ಟಿದುದೂ 1864ರಲ್ಲಿಯೇ. ಇದೇ ಕಾಲದಲ್ಲಿ ಮಧ್ಯಪ್ರಾಂತದ ಬೋರಿ ಕಾಡಿನಲ್ಲಿ ಕರ್ನಲ್ ಪಿಯರ್ಸನ್ ಎಂಬ ಅಧಿಕಾರಿಯು ಕಾಡ್ಗಿಚ್ಚನ್ನು ತಡೆಯುವ ಪ್ರಯೋಗವನ್ನು ಕೈಗೊಂಡನು. ಬೇಸಗೆಗೆ ಮುಂಚೆ ಕಾಡಿನ ಸುತ್ತ ಅಗಲವಾದ ಪಟ್ಟಿಯನ್ನು ಸವರಿ, ಅಲ್ಲಿಯ ಹುಲ್ಲನ್ನು ಮೊದಲೇ ಸುಟ್ಟುಬಿಟ್ಟರೆ ಹೊರಗಿನ ಕಿಚ್ಚು ಒಳಕ್ಕೆ ದಾಟಲಾರದು. ಬೆಂಕಿರೇಖೆಯೆಂದು ಕರೆಯಲಾಗುವ ಈ ಪಟ್ಟಿಗಳನ್ನು ಕರ್ನಾಟಕದ ಅರಣ್ಯ ಸಿಬ್ಬಂದಿಯು ಇಂದಿಗೂ ಬೇಸಗೆಗೆ ಮೊದಲು ಸಿದ್ಧಪಡಿಸುತ್ತದೆ. ಕಿಚ್ಚು ಹೊತ್ತಿದಾಗ ಕಾವಲುಗಾರರು ಹಸಿಸೊಪ್ಪಿನ ಕೊಂಬೆಗಳಿಂದ ಬಡಿದು ಆರಿಸುವ ಕ್ರಮವೂ ಮರೆಯಾಗಿಲ್ಲ. ಕಡಿದಾದ ಬಂಡೆಯ ಬೆಟ್ಟಗಳಿಗೆ ನೀರಿನ ಗಾಡಿ ಹತ್ತುವುದಾದರೂ ಹೇಗೆ?

ಬೆಂಕಿಯನ್ನು ಪೂರ್ಣವಾಗಿ ಹೊರಗಿಡಬೇಕೆಂಬ ಆ ಕಾಲದ ನಿಲುವು ಎಲ್ಲ ಕಾಡುಗಳಿಗೂ ಸಲ್ಲುವುದಿಲ್ಲವೆಂಬುದು ಈಚೆಗೆ ತಿಳಿದುಬಂದಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಗೆಯ ಆರಂಭದಲ್ಲಿಯೇ, ತರಗೆಲೆಯು ತೆಳುವಾಗಿ ಹರಡಿರುವಾಗ, ಸಣ್ಣ ಬೆಂಕಿಯನ್ನು ಇಡುತ್ತಿದ್ದರು. ಅದನ್ನು ಅವರು ತರಗು ಬೆಂಕಿಯೆನ್ನುತ್ತಾರೆ. ಅದು ನೆಲಮಟ್ಟದಲ್ಲಿ ಹರಿದು ಬೇಗ ಆರಿಹೋಗುತ್ತಿತ್ತು; ದೊಡ್ಡ ಮರಗಳಿಗೆ ಅಪಾಯವಿರಲಿಲ್ಲ. ಆ ಪದ್ಧತಿಯು ನಿಂತ ತರುವಾಯ ಪರದೇಶದಿಂದ ಬಂದ ಲಂಟಾನದ ಪೊದೆಗಳು ಕಾಡನ್ನು ಮುತ್ತಿ, ಒಣಗಿದ ಸೌದೆಯಂತೆ ರಾಶಿಬಿದ್ದವು. ಅಂತಹ ಕಾಡಿಗೆ ಮಾರ್ಚಿಯಲ್ಲಿ ಕಿಚ್ಚು ಬಿದ್ದರೆ ಅದನ್ನು ಹಿಡಿಯುವವರಿಲ್ಲ. ಲಂಟಾನ ದಟ್ಟವಾಗಿ ಹಬ್ಬಿರುವ ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಿತು. ಆದರೆ ಕೋಲಾರ ಸೀಮೆಯ ಬೋಳುಬೆಟ್ಟಗಳಿಗೆ ಸೋಲಿಗರ ಕ್ರಮವನ್ನು ಹಾಗೆಯೇ ತರುವಂತಿಲ್ಲ. ಇಲ್ಲಿ ಕಾಡು ತೀರ ತೆಳು, ಮಣ್ಣು ತೀರ ಕಡಿಮೆ, ತಪ್ಪಲಿನಲ್ಲಿಯೇ ಹುಲ್ಲಿನ ಮೆದೆಗಳೂ ಮಾವಿನ ತೋಪುಗಳೂ ಇವೆ. ಇಲ್ಲಿ ಒಪ್ಪುವುದು ಒಣಹುಲ್ಲನ್ನು ಸುಡುವ ಮೊದಲೇ ಕೊಯ್ದು ಮೇವಿಗೂ ಹೊದಿಕೆಗೂ ಬಳಸುವ ಹಳೆಯ ರೂಢಿ. ಹಂಚು, ತಾರಸಿಗಳು ಬಂದ ಮೇಲೆ ಹೊದಿಕೆಯ ಹುಲ್ಲು ಕೇಳುವವರಿಲ್ಲದೆ ಬೆಟ್ಟದಲ್ಲಿಯೇ ಉಳಿಯುತ್ತಿದೆ.

ಕ್ಲೆಗಾರ್ನನ ಕಾಲದವರು ಬೇಗ ಬೆಳೆಯುವ ಪರದೇಶದ ಮರಗಳಲ್ಲಿ ದೊಡ್ಡ ಭರವಸೆಯಿಟ್ಟಿದ್ದರು. ಅವುಗಳಲ್ಲೊಂದಾದ ನೀಲಗಿರಿಯು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೋಲಾರ, ಮಾಲೂರುಗಳ ಹೊಲಗಳಿಗೂ ಇಳಿಯಿತು. ಎಣ್ಣೆಯಂಶವುಳ್ಳ ಅದರ ಎಲೆ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಅಂತರ್ಜಲವನ್ನು ಅದು ಹೀರುತ್ತದೆಂಬ ದೂರು ಬೆಳೆದು, ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರವು 2017ರಲ್ಲಿ ನಿಷೇಧಿಸಿತು.

ಕ್ಲೆಗಾರ್ನನು 1860ರ ದಶಕದ ಕೊನೆಯಲ್ಲಿ ಭಾರತವನ್ನು ಬಿಟ್ಟು ಸ್ಟ್ರಾವಿತಿಯ ತನ್ನ ಹಿರಿಯರ ಮನೆಯನ್ನು ಸೇರಿದನು. ಭಾರತಕ್ಕೆ ಹೋಗುವ ತರುಣ ಅರಣ್ಯಾಧಿಕಾರಿಗಳ ಆಯ್ಕೆಯಲ್ಲಿ ಸರ್ಕಾರವು ಆತನ ಸಹಾಯವನ್ನು ಪಡೆಯಿತು. ಸ್ಕಾಟ್ಲೆಂಡಿನ ವೃಕ್ಷಸಂವರ್ಧನ ಸಂಘಕ್ಕೆ ಆತನು ಅಧ್ಯಕ್ಷನೂ ಆಗಿದ್ದನು. ಸಸ್ಯವಿಜ್ಞಾನಿಯಾದ ರಾಬರ್ಟ್ ವೈಟನು ಒಂದು ಸಸ್ಯಜಾತಿಗೆ ಕ್ಲೆಗಾರ್ನಿಯ ಎಂದು ಹೆಸರಿಟ್ಟು ಗೆಳೆಯನನ್ನು ಗೌರವಿಸಿದನು. 1887ರಲ್ಲಿ ಪತ್ನಿಯನ್ನು ಕಳೆದುಕೊಂಡ ಕ್ಲೆಗಾರ್ನನು 1895ರ ಮೇ ತಿಂಗಳಲ್ಲಿ ಸ್ಟ್ರಾವಿತಿಯಲ್ಲಿಯೇ ತೀರಿಕೊಂಡನು. ಶಿವಮೊಗ್ಗೆಯಲ್ಲಿ ದಿನಕ್ಕೊಂದರಂತೆ ಬರೆಯಿಸಿದ ಚಿತ್ರಗಳು ಎಡಿನ್‌ಬರೋದ ರಾಜೋದ್ಯಾನದ ಸಂಗ್ರಹದಲ್ಲಿ ಭದ್ರವಾಗಿವೆ.