ಮೀನು, ಕಪ್ಪೆಗಳಿಗೆ ಹೆಸರಿಟ್ಟ ಮಾಸ್ತರು: ಸಿ. ಆರ್. ನಾರಾಯಣ ರಾವ್



ಹೋದ ಮಳೆಗಾಲದಾಗ ನಾನೊಂದು ತಪ್ಪು ಮಾಡಿದೆ. ಅದನ್ನು ಹೇಳಿಯೇ ಈ ಮಹನೀಯರ ಕಥೆ ಶುರು ಮಾಡಬೇಕು.

ನಮ್ಮ ಸೋದರಮಾವನ ಊರು ಮಲಪ್ರಭಾ ದಂಡೆಯ ಮ್ಯಾಲೆ ಐತಿ. ಅಲ್ಲಿ ಹೊಳೆಯಾಗ ಏಳು ಸಣ್ಣ ಮೀನು ಹಿಡಿದು ಮುರಗೋಡಕ್ಕೆ ತಂದೆ. ಗಾಜಿನ ಬರಣಿಗೆ ನಳದ ನೀರು ತುಂಬಿ ಅದರಲ್ಲಿ ಬಿಟ್ಟೆ. ಮುಂಜಾನೆ ಎದ್ದು ನೋಡಿದರೆ ಐದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದ ಎರಡನ್ನು ಬರಣಿ ಸಮೇತ ದನದ ದವಾಖಾನೆಗೆ ಒಯ್ದೆ. ಎಲ್ಲರೂ ಎಮ್ಮೆ, ಆಡು ತಂದಿದ್ದರು. ನನ್ನ ನೋಡಿ ನಕ್ಕರು. ಆದರೆ ಡಾಕ್ಟರು ನಗಲಿಲ್ಲ. ಇದು ಯಾವ ಮೀನು, ಹರಿಯುವ ನೀರಿನದೋ ನಿಂತ ನೀರಿನದೋ ಅಂತ ಕೇಳಿದರು. ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ನಳದ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ, ಅದರ ಕ್ಲೋರಿನ್ನಿನಿಂದ ಮೀನಿನ ಕಿವಿರು ಸುಡುತ್ತದೆ ಎಂದು ತಿಳಿಸಿ ಹೇಳಿದರು. ಸಂಜೆಯೊಳಗೆ ಆ ಎರಡೂ ಸತ್ತವು. ನನಗೆ ಭಾಳ ಕೆಟ್ಟೆನಿಸಿತು.

ಇದನ್ನು ಕೇಳಿದ ನಮ್ಮ ವಿಜ್ಞಾನ ಗುರುಗಳು ನಾರಾಯಣ ರಾಯರ ಜೀವನ ಓದು ಅಂದರು. ಓದಿದ್ದನ್ನು ಇಲ್ಲಿ ಬರೆದಿದ್ದೇನೆ.

ನಾರಾಯಣ ರಾಯರು 1882ರ ಆಗಸ್ಟ್ 15ರಂದು ಕೊಯಮತ್ತೂರಿನಲ್ಲಿ ಹುಟ್ಟಿದರು. ನಮ್ಮ ಬಳ್ಳಾರಿಯಲ್ಲಿ ಓದಿದರು. ಮುಂದೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಹೆಂಡರ್ಸನ್ ಎಂಬ ಪ್ರಾಧ್ಯಾಪಕರ ಕೈಯಲ್ಲಿ ಪ್ರಾಣಿಶಾಸ್ತ್ರ ಕಲಿತರು. ಕೊಯಮತ್ತೂರು, ಎರ್ನಾಕುಲಂಗಳಲ್ಲಿ ಮಾಸ್ತರಿಕೆ ಮಾಡಿದ ಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದು ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಅದಕ್ಕೂ ಮೊದಲು ನಮ್ಮ ನಾಡಿನ ಮೀನು, ಕಪ್ಪೆಗಳ ಬಗ್ಗೆ ಬರೆದವರು ಹೆಚ್ಚಾಗಿ ಜೆರ್ಡನ್, ಫ್ರಾನ್ಸಿಸ್ ಡೇ ಅವರಂಥ ಇಂಗ್ಲಿಷ್ ಡಾಕ್ಟರುಗಳು. ರಾಯರು ಇಲ್ಲೇ ಇದ್ದು, ಮಲೆನಾಡಿನ ಹಳ್ಳ, ಹೊಳೆ, ಜೌಗುಗಳ ಜೀವಿಗಳನ್ನು ಅಭ್ಯಾಸ ಮಾಡಿದರು. 1920ರಲ್ಲಿ ತುಂಗಾ ನದಿಯ ಒಂದು ಮೀನಿನ ಬಗ್ಗೆ ಬರೆದರು. ಅದರ ಮೂತಿಯ ಮ್ಯಾಲೆ ಎರಡು ಕೋಡಿನಂಥ ಗಂಟು. ಅದಕ್ಕೆ ಎರಡು ಕೋಡಿನದು ಎಂಬ ಅರ್ಥದ ಹೆಸರನ್ನೇ ಇಟ್ಟರು, ಗಾರ್ರಾ ಬೈಕಾರ್ನ್ಯೂಟಾ ಅಂತ. ಈ ಜಾತಿಯ ಮೀನಿನ ಬಾಯಿಯ ಕೆಳಗೆ ಬಿಲ್ಲೆಯಂಥ ಅಂಗ ಇರುತ್ತದೆ. ಅದರಿಂದ ಕಲ್ಲಿಗೆ ಅಂಟಿಕೊಂಡು ಸೆಳವಿನ ನೀರಿನಲ್ಲಿ ಬದುಕುತ್ತದೆ. ಇಂಥ ಮೀನನ್ನು ನಾನು ಬರಣಿಯಲ್ಲಿ ಇಟ್ಟಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿರಿ!

ಅದೇ ವರ್ಷ ಕೊಡಗಿನ ಜೌಗಿನ ಒಂದು ಇರುಳುಗಪ್ಪೆಗೆ ಹೆಸರಿಟ್ಟರು. 1937ರಲ್ಲಿ ಕೆಂಪುಹೊಳೆ, ಕೊಟ್ಟಿಗೆಹಾರ ಮುಂತಾದ ಕಡೆಯ ಎಷ್ಟೋ ಹೊಸ ಕಪ್ಪೆಗಳ ವಿವರ ಪ್ರಕಟಿಸಿದರು. ನೌಕರಿಯಿಂದ ನಿವೃತ್ತಿಯಾದದ್ದೂ ಅದೇ ವರ್ಷ. ಎಸ್. ಎಲ್. ಹೋರಾ ಎಂಬ ದೊಡ್ಡ ಮತ್ಸ್ಯವಿಜ್ಞಾನಿ ಕಾವೇರಿ ಸೀಮೆಯ ಒಂದು ಸಣ್ಣ ಮೀನಿಗೆ ರಾಯರ ಹೆಸರನ್ನೇ ಇಟ್ಟು ಗೌರವಿಸಿದರು. 1932ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕರೆಂಟ್ ಸೈನ್ಸ್ ಎಂಬ ವಿಜ್ಞಾನ ಪತ್ರಿಕೆಯ ಮೊದಲ ಸಂಪಾದಕರು ಇವರೇ. ನಮ್ಮ ಗೋಡೆ ಪತ್ರಿಕೆಯ ಸಂಪಾದಕ ಮಂಡಳಿಯವರು ಇದನ್ನು ನೆನಪಿಡಬೇಕು!

ರಾಯರು 1960ರ ಜನವರಿ 2ರಂದು ತೀರಿಕೊಂಡರು. ಅವರು ದ್ರಾವಣದಲ್ಲಿ ಇಟ್ಟಿದ್ದ ಕಪ್ಪೆಗಳ ಮೂಲ ನಮೂನೆಗಳು ಮುಂದೆ ಕಳೆದುಹೋದವು. ಕಪ್ಪೆಗಳನ್ನು ಹೋಲಿಸಿ ನೋಡಲು ಏನೂ ಇಲ್ಲದಾಯಿತು. ಆದರೆ ಬರಹ ಉಳಿದಿತ್ತು. 2011ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಎಸ್. ಡಿ. ಬಿಜು ಮತ್ತು ಸಂಗಡಿಗರು ಕೊಡಗಿನ ಆ ಇರುಳುಗಪ್ಪೆಯನ್ನು ಮತ್ತೆ ಗುರುತಿಸಿದರು, 91 ವರ್ಷದ ಮೇಲೆ! ಕೆಂಪುಹೊಳೆಯ ಇರುಳುಗಪ್ಪೆಯೂ ಸಿಕ್ಕಿತು. ಅದಕ್ಕೂ ಒಂದು ವರ್ಷ ಮೊದಲು, 2010ರಲ್ಲಿ, ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ ರಾಯರ ಹೆಸರು ಸೇರಿಸಿ ರಾವೋರ್ಕೆಸ್ಟಿಸ್ ಎಂದು ಕರೆದಿದ್ದರು.

ಬರೇ ಹೆಸರಿಟ್ಟರೆ ಏನಾತು ಅಂತ ನೀವು ಕೇಳಬಹುದು. ನಾನೂ ಹಂಗ ಅಂದಿದ್ದೆ. ಗುರುಗಳು ಕಪ್ಪೆಯ ರೋಗದ ಸಂಗತಿ ಹೇಳಿದರು. ಕೈಟ್ರಿಡ್ ಎಂಬ ಶಿಲೀಂಧ್ರ ಕಪ್ಪೆಯ ಚರ್ಮಕ್ಕೆ ಹತ್ತುತ್ತದೆ. ಕಪ್ಪೆ ನೀರು, ಲವಣ ತಗೊಳ್ಳುವುದು ಚರ್ಮದಿಂದಲೇ. ಚರ್ಮ ಕೆಟ್ಟರೆ ರಕ್ತದ ಲವಣ ಇಳಿದು ಎದೆಬಡಿತ ನಿಲ್ಲುತ್ತದೆ. ಸಾಕಲೆಂದು ದೇಶದಿಂದ ದೇಶಕ್ಕೆ ಒಯ್ದ ಕಪ್ಪೆಗಳ ಸಂಗಡ ಈ ರೋಗವೂ ಹಬ್ಬಿದೆ. ನಮ್ಮ ಪಶ್ಚಿಮ ಘಟ್ಟದಾಗೂ ಕಂಡಿದೆ. ಸಾಕಿದ ಕಪ್ಪೆಯನ್ನು ಔಷಧದ ನೀರಿನಲ್ಲಿ ಮುಳುಗಿಸಿ ಗುಣಪಡಿಸುವ ಪಶುವೈದ್ಯರು ಇದ್ದಾರೆ. ಆದರೆ ಕಾಡಿನ ಕಪ್ಪೆಗೆ ಯಾರು ಔಷಧ ಕೊಡಬೇಕು? ಯಾವ ಕಪ್ಪೆ ಎಲ್ಲಿತ್ತು ಅಂತ ಮೊದಲೇ ಬರೆದಿಟ್ಟಿರದಿದ್ದರೆ, ಅದು ಸತ್ತು ಹೋದದ್ದೂ ಗೊತ್ತಾಗೋದಿಲ್ಲ.

ಈಗ ನಾನು ಮೀನು ಹಿಡಿದು ತರುವುದು ಬಿಟ್ಟಿದ್ದೇನೆ. ಮಾವನ ಊರಿಗೆ ಹೋದಾಗ ದಂಡೆಯ ಮ್ಯಾಲೆ ಕೂತು ನೋಡುತ್ತೇನೆ. ಬಲೆ ಹಾಕುವ ಹಿರಿಯರನ್ನು ಕೇಳಿ, ಮೀನಿನ ಹೆಸರು, ಎಂಥ ನೀರಿನಲ್ಲಿ ಸಿಕ್ಕಿತು, ತಾರೀಖು, ಇಷ್ಟನ್ನು ನೋಟಬುಕ್ಕಿನಲ್ಲಿ ಬರೆಯುತ್ತೇನೆ. ಇಲ್ಲಿಯವರೆಗೆ ಹನ್ನೊಂದು ಹೆಸರು ಆಗಿವೆ. ನನ್ನ ಬರಣಿಯಾಗ ಸತ್ತ ಮೀನು ಯಾವುದು ಅಂತ ಇನ್ನೂ ಗೊತ್ತಾಗಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುವ ಮೀನು, ಕಪ್ಪೆಗಳ ಹೆಸರನ್ನು ನೀವೂ ಕೇಳಿ ತಂದು ಕೊಡಿರಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಸೇರಿಸಿ ಬರೆಯೋಣ.